ಸುಬಾಂಗ್ ನೇಯ್ದ ಬರಿಯ ಕೆಂಪು

ನೇಕಾರ್ತಿ ಸುಬಾಂಗ್ ತನ್ನ ನೂಲಿಗೆ ಕಟ್ಟು ಹಾಕುವಾಗಲೇ ರಂಬಾಯ್ ಅಜ್ಜಿಗೆ ಅನುಮಾನ ಹುಟ್ಟಿತ್ತು. ಇಪ್ಪತ್ತು ಸಂಸಾರಗಳು ಒಂದೇ ಸೂರಿನಡಿ ಬಾಳುವ ಉದ್ದಮನೆ ಅದು. ಹೆಂಗಸರು ನೇಯುವುದು ಎಲ್ಲರೂ ಓಡಾಡುವ ಪಡಸಾಲೆಯಲ್ಲಿ. ಅಲ್ಲಿ ಏನನ್ನೂ ಮುಚ್ಚಿಡಲಾಗದು. ಬಣ್ಣಕ್ಕೆ ಅದ್ದುವ ಮುನ್ನ ನೂಲನ್ನು ಎಲ್ಲಿ ಬಿಗಿದು ಕಟ್ಟುತ್ತಾರೋ ಅಲ್ಲಿ ಚಿತ್ತಾರ ಬಿಳಿಯಾಗಿ ಉಳಿಯುತ್ತದೆ. ಸುಬಾಂಗ್ ಮಾತ್ರ, ವಾಡಿಕೆಯ ಮೊಸಳೆ ಚಿತ್ತಾರ ಮೂಡಬೇಕಾದ ಕಡೆಯೆಲ್ಲ ಬಿಟ್ಟು, ಒಂದು ಮೂಲೆಯಲ್ಲಷ್ಟೇ ಕಟ್ಟು ಹಾಕಿದಳು. ನೇಯ್ದು ಮುಗಿಸಿದಾಗ ಬಟ್ಟೆಯ ತುಂಬ ಬರಿಯ ಕೆಂಪು. ಮೂಲೆಯಲ್ಲಿ ಐದು ಗೆರೆ.

ಮಂಡಿನೋವಿಗೆಂದು ಪಟ್ಟಣದ ಆಸ್ಪತ್ರೆಯಲ್ಲಿ ತಿಂಗಳಿದ್ದು ಬಂದ ಸುಬಾಂಗ್, ಅಲ್ಲಿನ ಗೋಡೆಯಿಂದ ಯಾವುದೋ ಚಿತ್ರ ಕದ್ದಿರಬೇಕು ಎಂದು ರಂಬಾಯ್ ಲೆಕ್ಕ ಹಾಕಿದಳು. ಚಿತ್ತಾರವನ್ನು ನೇಯ್ಗೆಯ ದೇವಿ ಕುಮಾಂಗ್ ಕನಸಿನಲ್ಲಿ ಕೊಡಬೇಕು. ಕೊಡದ್ದನ್ನು ನೇಯ್ದರೆ ಮನೆಯ ಮಕ್ಕಳಿಗೆ ಕೇಡು. ಸುಬಾಂಗಳ ಮೊಮ್ಮಗಳು ಮೆಂಗಾನ್ ತನ್ನ ಹಸುಗೂಸನ್ನು ಮೊದಲ ಹೊಳೆಸ್ನಾನಕ್ಕೆ ಇದೇ ಬಟ್ಟೆಯಲ್ಲಿ ಒಯ್ಯಬೇಕೆಂದು ಹಟ ಹಿಡಿದಿದ್ದಳು. ಹೂಂ ಎನ್ನಬೇಕಾದವಳು ಮನೆಯ ಹಿರಿಯ ನೇಕಾರ್ತಿ ರಂಬಾಯ್.

"ಇದನ್ನ ಕನಸಲ್ಲಿ ಯಾರೇ ಕೊಟ್ಟಿದ್ದು?" ಎಂದು ಅವಳು ಸುಬಾಂಗಳನ್ನು ಕೇಳಿದಳು.

"ಯಾರೂ ಕೊಡ್ಲಿಲ್ಲ ಅಜ್ಜಿ."

"ಕುಮಾಂಗ್ ಬಂದಿದ್ಲು ಅಂದ್ಬಿಡು ಅತ್ಗೆ," ಎಂದು ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತಿದ್ದ ನಾದಿನಿ ನಕ್ಕಳು. "ಅವಳನ್ನ ಯಾರು ಹೋಗಿ ಕೇಳ್ತಾರೆ?"

ಸುಬಾಂಗ್ ನಗಲಿಲ್ಲ. "ಹನ್ನೆರಡನೇ ವಯಸ್ಸಿಂದ ಮೊಸಳೆ ನೇಯ್ದಿದೀನಿ. ನೆರೆ ಇಳಿದ್ಮೇಲೆ ಹೊಳೆ ದಂಡೇಲಿ ಮೊಸಳೆ ಇರಲ್ಲ ಅಜ್ಜಿ, ಕೆಸರಲ್ಲಿ ಅದರ ಕಾಲ್ಬೆರಳಿನ ಗುರುತು ಮಾತ್ರ ಇರುತ್ತೆ. ಅದನ್ನ ನೋಡಿದ್ರೇ ನಂಗೆ ಹೆಚ್ಚು ಭಯ. ಅಷ್ಟೇ ನೇಯ್ದೆ."

ರಂಬಾಯ್ ಬಟ್ಟೆಯನ್ನು ತಿರುವಿ ಹಾಕಿದಳು, ಅಂಚು ಎಳೆದು ನೋಡಿದಳು. ತನಗೆ ಹೆಸರು ತಂದ ಹಾವಿನ ಚಿತ್ತಾರವನ್ನು ಹದಿನೆಂಟರ ವಯಸ್ಸಿನಲ್ಲಿ ಮೇಲ್ಹೊಳೆಯ ಮನೆಯೊಂದರಲ್ಲಿ ನೋಡಿ ಬಂದು, ಕನಸಲ್ಲಿ ಸಿಕ್ಕಿತೆಂದು ಸುಳ್ಳು ಹೇಳಿದ್ದು ಅವಳಿಗೊಬ್ಬಳಿಗೇ ಗೊತ್ತಿತ್ತು. ಸುಬಾಂಗ್ ಕೂಡ ಹಾಗೇ ಹೇಳುತ್ತಾಳೆ, ಹಿಡಿದುಹಾಕಬಹುದು ಎಂದು ಕಾದಿದ್ದಳು. ಇವಳು ಇದ್ದದ್ದನ್ನೇ ಹೇಳಿಬಿಟ್ಟಿದ್ದಳು.

"ಈ ಬಟ್ಟೇಲಿ ಮಗೂನ ನಾನೇ ಎತ್ಕೊತೀನಿ," ಎಂದಳು ಕೊನೆಗೆ. "ಏನಾದ್ರೂ ತಟ್ಟೋದಿದ್ರೆ ಮೊದಲು ನಂಗೇ ತಟ್ಟಲಿ."

ಕಂಬಗಳ ಮೇಲಿನ ಆ ಮನೆಯ ಏಣಿ ಇಳಿದು ಹೊಳೆಗೆ ಹೋಗುವವರೆಗೂ ಮೆಟ್ಟಿಲು ಮೆಟ್ಟಿಲಿಗೆ ನಿಂತು, ಜ್ವರ ಬಂತೇ ಎಂದು ಕೂಸಿನ ಹಣೆ ಮುಟ್ಟಿದಳು. ಕೂಸು ನೀರಿಗೆ ಅತ್ತಿತು, ಬಟ್ಟೆ ಸುತ್ತಿದೊಡನೆ ನಿದ್ದೆಹೋಯಿತು.

ಈಗ ಆ ಮನೆಯ ಹುಡುಗಿಯರೂ ಕಟ್ಟು ಹಾಕುವಾಗ ನಡುವೆ ಖಾಲಿ ಜಾಗ ಬಿಡುತ್ತಾರೆ. ರಂಬಾಯ್ ಒಬ್ಬೊಬ್ಬಳ ಪಕ್ಕದಲ್ಲೂ ಕುಳಿತು, ಇಲ್ಲಿಂದ ಎದ್ದುಹೋದದ್ದು ಏನೆಂದು ಕೇಳುತ್ತಾಳೆ. ಉತ್ತರಕ್ಕೆ ತಡವರಿಸಿದವಳ ಕಟ್ಟುಗಳನ್ನು ತಾನೇ ಬಿಚ್ಚುತ್ತಾಳೆ.