ಜಂಗಲ್ ಹತ್ತದ ಕೆಂಪು ಕಾರು

ನಾವು ಹೊನ್ನಾವರದಲ್ಲಿದ್ದಾಗ ಶರಾವತಿಗೆ ಸೇತುವೆ ಇರಲಿಲ್ಲ. ನಮ್ಮವರು ಡಾಕ್ಟರು. ಅವರ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಹೊಳೆಯಾಚೆಯವರು. ಇಡಗುಂಜಿ, ಮಾವಳ್ಳಿ ಕಡೆಯಿಂದಲೂ ಕರೆ ಬರುತ್ತಿತ್ತು. ಲಾಂಚು ಇಳಿದು, ಸಿಕ್ಕ ಗಾಡಿಯಲ್ಲಿ ಹೋಗಿ ಬಂದು ಅವರಿಗೆ ಸಾಕಾಗಿತ್ತು. ಒಂದು ಕಾರು ಬೇಕೇ ಬೇಕಾಗಿತ್ತು. ಆದರೆ ಅವರ ಮನಸ್ಸು ನಿಂತಿದ್ದು ಮುಂಬಯಿಯಲ್ಲಿ ಓದುವಾಗ ಕಾರು ರೇಸಿನಲ್ಲಿ ನೋಡಿದ್ದಂಥ ಗಾಡಿಯ ಮೇಲೆ.

ಅಂಥದೇ ಒಂದು ಭಟ್ಕಳದಲ್ಲಿ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಅಲ್ಲಿಯ ಬಟ್ಟೆ ವ್ಯಾಪಾರದ ಸಾಹೇಬರೊಬ್ಬರು ಇಂಗ್ಲೆಂಡಿಗೆ ಮರಳುತ್ತಿದ್ದ ಬಿಳಿಯ ದೊರೆಯೊಬ್ಬನಿಂದ ಅದನ್ನು ಮುಂಬಯಿಯಲ್ಲಿ ಕೊಂಡು, ಮಚವೆ ಹಡಗಿನಲ್ಲಿ ಹೇರಿಸಿ ಬಂದರಿಗೆ ತರಿಸಿದ್ದರಂತೆ. ಈಗ ಸಾಹೇಬರಿಗೆ ಸೊಂಟನೋವು. ಅಷ್ಟು ತಗ್ಗಿನ ಗಾಡಿಯಲ್ಲಿ ಕೂತರೆ ಏಳಲಾಗದು.

ನಮ್ಮವರು ಮೊದಲೇ ಹೇಳಿ ಕಳಿಸಿದ್ದರು: ನಾವು ಬರುವ ಮೊದಲು ಇಂಜಿನ್ ಚಾಲೂ ಮಾಡಬಾರದು, ಬಿಸಿಯಾದ ಇಂಜಿನ್ನಿನ ರೋಗ ತಿಳಿಯುವುದಿಲ್ಲ. ಹೋದವರೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು. ಇಂಜಿನ್ ಎಣ್ಣೆಯನ್ನು ಬೆರಳ ನಡುವೆ ತಿಕ್ಕಿ ಮೂಸಿದರು. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಗಿಲು, ಚಕ್ರದ ಮೇಲಿನ ರೆಕ್ಕೆಗಳ ಮೇಲೆಲ್ಲ ಸರಿಸಿದರು. ಎಲ್ಲಾದರೂ ತಗಡು ಹೋಗಿ ಲಾಂಬಿ, ಅಂದರೆ ಪುಟ್ಟಿ, ಮೆತ್ತಿದ್ದರೆ ಅಲ್ಲಿ ಅದು ಹಿಡಿಯುವುದಿಲ್ಲವಂತೆ. ಎಲ್ಲ ಕಡೆಯೂ ಹಿಡಿಯಿತು. ಆಮೇಲೆ ಒಳ್ಳೆಯ ಪ್ಯಾಂಟಿನಲ್ಲೇ ಅಂಗಳದಲ್ಲಿ ಮಲಗಿ ಕಾರಿನ ಅಡಿಗೆ ತೂರಿದರು. ನಾಡಿ ಹಿಡಿಯುವುದೊಂದು ಬಾಕಿ ಎಂದು ಸಾಹೇಬರು ನಕ್ಕರು. ಇಂಜಿನ್ ಚಾಲೂ ಮಾಡಿದಾಗ ಬಂದದ್ದು ಒಂದೇ ಸುರುಳಿ ಬಿಳಿ ಹೊಗೆ. ಆಮೇಲೆ ಹೊಗೆಯೇ ಇಲ್ಲ.

ಇನ್ನೊಂದು ಪರೀಕ್ಷೆ ಉಳಿದಿತ್ತು. ಜಂಗಲ್ ಹತ್ತುತ್ತದೆಯೇ ನೋಡಬೇಕು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಆ ಜಂಗಲ್ಲೇ ಆಗ ಗಾಡಿಗಳಿಗೆ ಹೊಳೆ ದಾಟುವ ದಾರಿ. ಕಾರಿಗೆ ಎರಡೇ ಸೀಟು. ಸಾಹೇಬರು ನನ್ನನ್ನೇ ಕೂರಿಸಿ, ತಾವು ಮನೆಯಲ್ಲೇ ಉಳಿದರು.

ಭಟ್ಕಳದಿಂದ ಕಾಸರಕೋಡಿನವರೆಗಿನ ಆ ಓಟ ಈಗಲೂ ಮೈಮೇಲೆ ಇದ್ದ ಹಾಗಿದೆ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ನೆಲ ಕಾಲಿನ ಕೆಳಗೇ ಓಡುತ್ತಿತ್ತು. ನೆಟ್ಟಗಿನ ರಸ್ತೆಯಲ್ಲಿ ಇವರು ಸ್ಟಿಯರಿಂಗಿನಿಂದ ಕೈ ತೆಗೆದು, ನೋಡು, ಒಂದು ಕಡೆಗೂ ಎಳೆಯುವುದಿಲ್ಲ ಎಂದರು. ಮದುವೆಯಾದಂದಿನಿಂದ ಅವರನ್ನು ಅಷ್ಟು ಹಗುರಾಗಿ ನಾನು ಕಂಡಿರಲಿಲ್ಲ.

ಕಾಸರಕೋಡಿಗೆ ಬಂದಾಗ ಇಳಿತ, ಹೊಳೆಯ ನೀರು ತಗ್ಗಿತ್ತು. ಜಂಗಲ್ ದಡಕ್ಕಿಂತ ಎಷ್ಟೋ ಕೆಳಗಿತ್ತು, ಹಲಗೆಗಳು ಕಡಿದಾಗಿ ಇಳಿಬಿದ್ದಿದ್ದವು. ಮುಂದಿನ ಚಕ್ರ ಇಳಿದದ್ದೇ ಕಾರಿನ ಹೊಟ್ಟೆ ದಡಕ್ಕೆ ತಾಗಿ ನಿಂತುಬಿಟ್ಟಿತು. ದೋಣಿಯವರು ಭುಜ ಕೊಟ್ಟು ಹಿಂದಕ್ಕೆ ಎತ್ತಿದರು. ಅವರಲ್ಲಿ ಹಿರಿಯನಾದವನು, "ನೀರು ಏರಿ ಭರತ ಬಂದಾಗ ಹತ್ತೂದು ಡಾಕ್ಟ್ರೆ. ಇಳಿತಕ್ಕೆ ಆಗೂದಿಲ್ಲ" ಎಂದ.

ರೋಗ ಭರತ ಇಳಿತ ನೋಡಿ ಬರುವುದಿಲ್ಲ. ಇವರು ಕಾರು ತಿರುಗಿಸಿದರು.

ಭಟ್ಕಳದಲ್ಲಿ ಸಾಹೇಬರ ಹೆಂಡತಿ ನನ್ನನ್ನು ಒಳಗೆ ಕರೆದು ಚಾ ಕೊಟ್ಟರು. ಅವರ ನವಾಯತಿ ಮಾತಿನಲ್ಲಿ ನಮ್ಮ ನೆರೆಮನೆಯವರ ಕೊಂಕಣಿಯ ಛಾಯೆ ಇತ್ತು, ಅಷ್ಟಿಷ್ಟು ತಿಳಿಯಿತು. ಹೊರಗೆ ಇವರು ಕೀಲಿ ಒಪ್ಪಿಸಿ, ಇದ್ದದ್ದನ್ನು ಹೇಳಿದರು. ಹೊರಡುವಾಗ, ಬರಿಗೈಯಲ್ಲಿ ಹೋಗುವ ಸಂಕೋಚಕ್ಕೋ ಏನೋ, "ಸೇತುವೆ ಆದ ಮೇಲೆ ಬಂದು ಒಯ್ತೇನೆ, ಸಾಹೇಬ್ರೆ" ಎಂದರು. ಅದು ಎಲ್ಲರೂ ಆಡುವ ಮಾತು. ನನಗೂ ಹಾಗೇ ಕೇಳಿಸಿತು.

ಆಮೇಲೆ ಎತ್ತರದ ಒಂದು ಹಳೆಯ ಕಾರು ಕೊಂಡೆವು. ಅದು ಎಲ್ಲ ನೀರಿನಲ್ಲೂ ಜಂಗಲ್ ಹತ್ತುತ್ತಿತ್ತು. ಸೇತುವೆಯ ಸುದ್ದಿ ಪ್ರತಿ ಚುನಾವಣೆಗೂ ಬಂದು ಹೋಗುತ್ತಿತ್ತು.

ಕೆಲವು ವರ್ಷಗಳ ನಂತರ ಭಟ್ಕಳದಲ್ಲಿ ರೋಗಿಯೊಬ್ಬರನ್ನು ನೋಡಿ ಬರುವಾಗ, ಸಾಹೇಬರನ್ನು ಮಾತಾಡಿಸೋಣ ಎಂದು ಇವರೇ ಹೇಳಿದರು. ಕಾರು ಎಂದೋ ಮಾರಿಹೋಗಿರುತ್ತದೆ ಎಂದುಕೊಂಡಿದ್ದೆವು. ಸಾಹೇಬರು ಕೋಲೂರಿಕೊಂಡು ಬಂದವರು, ಕುಶಲ ಕೇಳುವುದಕ್ಕೂ ನಿಲ್ಲದೆ ನಮ್ಮನ್ನು ಮನೆಯ ಹಿಂದಿನ ಚಪ್ಪರಕ್ಕೆ ಕರೆದೊಯ್ದು ಹೊದಿಕೆ ಸರಿಸಿದರು. ಕೆಂಪು ಬಣ್ಣ ಹಾಗೇ ಹೊಳೆಯುತ್ತಿತ್ತು. ನಡುವೆ ಮಂಗಳೂರು ಕಡೆಯವರು ಬಂದು ಕೇಳಿದ್ದರಂತೆ. ಡಾಕ್ಟರಿಗೆ ಮಾತಾಗಿದೆ ಎಂದು ಸಾಹೇಬರು ವಾಪಸು ಕಳಿಸಿದ್ದರಂತೆ.

ನಮ್ಮವರು ಮೊದಲಿನ ಹಾಗೇ ನೆಲಕ್ಕೆ ಮಲಗಿ ಅಡಿಯಲ್ಲಿ ಕೈ ಆಡಿಸಿದರು. ಹೆಬ್ಬೆರಳು ಒತ್ತಿದಲ್ಲೆಲ್ಲ ತುಕ್ಕು ಪದರು ಪದರಾಗಿ ಉದುರಿತು. ಸಮುದ್ರ ಅಲ್ಲಿಗೆ ಕೂಗಳತೆಯಲ್ಲಿತ್ತು. ಆ ಉಪ್ಪುಗಾಳಿ ತಳವನ್ನೆಲ್ಲ ತಿಂದಿತ್ತು.

"ಎಂತ ಡಾಕ್ಟ್ರೆ, ಸಮಾ ಅದೆ ಅಲ್ದಾ?" ಎಂದು ಸಾಹೇಬರು ಕೇಳಿದರು.

ಇವರು ಎದ್ದು ಕೈ ಒರೆಸಿಕೊಂಡರು. ಆಮೇಲೆ ತಳ ಹೋಗಿದೆ ಎಂದು ಹೇಳಿದರು. ಹೇಳಿ, ಹೇಗಿದ್ದರೂ ಕಾರನ್ನು ತಾವೇ ಕೊಳ್ಳುವುದಾಗಿಯೂ, ಅವತ್ತಿನ ಬೆಲೆಯನ್ನೇ ಕೊಡುವುದಾಗಿಯೂ ಹೇಳಿದರು.

ಸಾಹೇಬರು ಬಗ್ಗಲಾರದೆ ಬಗ್ಗಿ ಕಾರಿನಡಿಗೆ ಒಮ್ಮೆ ನೋಡಿದರು. "ಓಡದ ಗಾಡಿ ತಕಂಡು ಎಂತ ಮಾಡ್ತ್ರಿ? ಬೇಡ. ನೀವು ಓಡಿಸ್ತ್ರಿ ಅಂತ ಇಟ್ಟಿದ್ದೆ, ಅಷ್ಟೇ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಬೈದಿದ್ದರೆ ಇವರಿಗೆ ಹಗುರಾಗುತ್ತಿತ್ತೇನೋ.

ಆ ಮೇಲೆ ಅದರ ಇಂಜಿನನ್ನು ಯಾರೋ ಒಯ್ದರಂತೆ, ಉಳಿದದ್ದು ಗುಜರಿಗೆ ಹೋಯಿತಂತೆ. ಸಾಹೇಬರು ತೀರಿಕೊಂಡ ಸುದ್ದಿ ನಮಗೆ ತಡವಾಗಿ ತಿಳಿಯಿತು. ಇವರು ಹೋಗಿ ಅವರ ಹೆಂಡತಿಯನ್ನು ಕಂಡು ಬಂದರು. ಅವತ್ತು ಊಟಕ್ಕೆ ಕೂತವರು ಅರ್ಧಕ್ಕೇ ಎದ್ದು, ಕೈ ತೊಳೆದು, ದವಾಖಾನೆಗೆ ಹೋದರು.