ಅವ್ವನ ಇನ್ನೊಬ್ಬ ಆಯಿ

ಅಪ್ಪ ತೀರಿಕೊಂಡ ಎರಡನೇ ವರ್ಷದ ದೀಪಾವಳಿ ರಜೆಯಲ್ಲಿ ಅವ್ವ ಮಲ್ಲಾಪುರಕ್ಕೆ ಬಂದಳು. ನಾನಾಗ ಅಲ್ಲಿಯ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಅಂಕೋಲೆಯ ಬೊಬ್ರುವಾಡದ ನಮ್ಮ ಮನೆಯಿಂದ ಅವಳು ನಾಲ್ಕು ದಿನಕ್ಕಿಂತ ಹೆಚ್ಚು ಹೊರಗೆ ಉಳಿದವಳಲ್ಲ. ಈ ಸಲವೂ ಬಂದ ದಿನವೇ ಹೋಗುವ ದಿನ ಹೇಳಿದ್ದಳು.

ಮೂರನೇ ದಿನ ಬೆಳಿಗ್ಗೆ ಹಿಂದಿನ ಕಲ್ಲಿನ ಮೇಲೆ ಬಟ್ಟೆ ಹಿಂಡುತ್ತಿದ್ದವಳು ಕೈ ನಿಲ್ಲಿಸಿ ಪೂರ್ವದ ಗುಡ್ಡಗಳನ್ನೇ ನೋಡುತ್ತ ಕೇಳಿದಳು.

"ಅಣಶಿ ಘಟ್ಟ ಹತ್ತೂ ಬಸ್ಸು ಈ ಬದಿಂದೇ ಹೋಗೂದಲ್ದಾ?"

"ಹೌದು, ಕದ್ರಾದ ಮೇಲಿಂದ. ಯಾಕೆ?"

"ಅಲ್ಲಿ ಆಯಿ ಅದಾಳೆ."

ನನಗೆ ಅರ್ಥವಾಗಲಿಲ್ಲ. ಅವ್ವ ತನ್ನ ತಾಯಿಯನ್ನು ಕರೆಯುತ್ತಿದ್ದುದು ಅಬ್ಬೆ ಎಂದು. ಆ ಅಬ್ಬೆ ಸತ್ತು ಹದಿನೈದು ವರ್ಷವಾಗಿತ್ತು, ಅವಳು ಘಟ್ಟ ಹತ್ತಿದವಳೂ ಅಲ್ಲ. ಹಾಗಾದರೆ ಈ ಆಯಿ ಯಾರು?

ಹಿಂಡಿದ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಅವ್ವ ಮೆಟ್ಟಿಲ ಮೇಲೆ ಕುಳಿತು ಹೇಳಿದಳು. ನನ್ನ ಅಜ್ಜ ಪ್ರಾಥಮಿಕ ಶಾಲೆಯ ಮಾಸ್ತರ. ಘಟ್ಟದ ಮೇಲಿನ ಕುಣಬಿ ಬುಡಕಟ್ಟಿನವರ ಒಂದು ಊರಿಗೆ ವರ್ಗವಾದಾಗ ಅಬ್ಬೆ ಹೊಟ್ಟೆಯಲ್ಲೊಂದು, ಸೊಂಟದ ಮೇಲೊಂದು ಮಗು ಇಟ್ಟುಕೊಂಡು ಕೆಳಗಿನ ಊರಲ್ಲೇ ಉಳಿದಳಂತೆ. ಅಜ್ಜನಿಗೆ ಅನ್ನ ಬೇಯಿಸಿ ಹಾಕಲು ಹಿರಿಯ ಮಗಳನ್ನು ಜೊತೆಗೆ ಕಳಿಸಿದರು. ಆ ಮಗಳಿಗೆ ಒಂಬತ್ತು ವರ್ಷ. ಹೋದ ಮೊದಲ ದಿನವೇ ಗಂಜಿ ಸೀದು, ಹೊಗೆಯಲ್ಲಿ ಕಣ್ಣು ಕಾಣದೆ ಅವಳು ಒಲೆಯ ಮುಂದೆ ಅಳುತ್ತ ಕುಳಿತಿದ್ದಾಗ ಪಕ್ಕದ ಮನೆಯ ಹೆಂಗಸು ಬಂದು ಗಡಿಗೆ ಇಳಿಸಿದಳು. ಆಮೇಲೆ ಎರಡು ವರ್ಷ ಆ ಹೆಂಗಸೇ ಉಣ್ಣಿಸಿದಳು, ತಲೆ ಬಾಚಿದಳು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿಸಿಕೊಂಡಳು. ಅವಳಿಗೊಂದು ಪುಟ್ಟ ಹೆಣ್ಣುಮಗು ಇತ್ತು. ತಾಯಿ ಗದ್ದೆಯಲ್ಲಿದ್ದಾಗ ಆ ಕೂಸನ್ನು ಎತ್ತಿಕೊಂಡು ತಿರುಗುವುದು ನಮ್ಮವ್ವನ ಕೆಲಸ.

"ಇಷ್ಟು ವರ್ಷ ನಮಗ್ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿರು?" ಎಂದಳು ಅವ್ವ. ಕೊಂಕು ಇರಲಿಲ್ಲ ಆ ಮಾತಿನಲ್ಲಿ.

"ಹೋಗ್ವಾ ಹಾಗಿದ್ರೆ?"

ಅವಳು ಒಳಗಿನ ಕೋಣೆಯ ಕಡೆಗೊಮ್ಮೆ ನೋಡಿದಳು. ನಲವತ್ತು ವರ್ಷದ ಅಭ್ಯಾಸ, ಒಪ್ಪಿಗೆ ಕೇಳಬೇಕಾದವರು ಯಾರೋ ಅಲ್ಲಿ ಇದ್ದಾರೆ ಎಂಬ ಹಾಗೆ. ಮತ್ತೆ ಎದ್ದು ಬಟ್ಟೆ ಕೊಡವುತ್ತ, "ನಾಳೆ ಬೆಳಿಗ್ಗೆ ಬಸ್ಸು ಎಷ್ಟಕ್ಕೆ?" ಎಂದಳು.

ಆ ಸಂಜೆ ಪೇಟೆಯಲ್ಲಿ ಅವ್ವ ಒಂದು ನೂಲಿನ ಸೀರೆ ಕೊಂಡಳು, ಮತ್ತೆ ಒಂದು ಪೊಟ್ಟಣ ಶೆಟ್ಲಿ, ಒಣ ಸೀಗಡಿ. ಅಜ್ಜ ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಆಯಿಗಾಗಿ ಶೆಟ್ಲಿ ತರುತ್ತಿದ್ದನಂತೆ, ಘಟ್ಟದ ಮೇಲೆ ಸಮುದ್ರದ್ದು ಏನು ಸಿಕ್ಕರೂ ಹಬ್ಬ. ಮನೆಗೆ ಬಂದು ಅವ್ವ ಶೆಟ್ಲಿ ಹುರಿದಳು. ಮತ್ತೆ ಏನೋ ಲೆಕ್ಕ ಹಾಕಿ, "ಎಂಬತ್ತರ ಹತ್ತಿರ ಆಯ್ತು ಅವ್ಳಿಗೆ. ಹಲ್ಲು ಇರೂದಿಲ್ಲ," ಎಂದು ಎಲ್ಲವನ್ನೂ ಕುಟ್ಟಿ ಪುಡಿ ಮಾಡಿ ಡಬ್ಬಿಗೆ ತುಂಬಿದಳು.

ಬಸ್ಸು ಘಟ್ಟ ಹತ್ತುವಾಗ ಅವ್ವ ಕಿಟಕಿಯ ಸರಳು ಹಿಡಿದುಕೊಂಡೇ ಇದ್ದಳು. ಕೆಳಗೆ ಕಾಳಿ ನದಿ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಆಗ ನಡೆದೇ ಹತ್ತಿದ್ದರಂತೆ, ಅಜ್ಜನ ಟ್ರಂಕು ಹೊತ್ತವನು ಮುಂದೆ, ಅಜ್ಜ ಕೊಡೆ ಹಿಡಿದು ನಡುವೆ, ಅವ್ವ ಹಿಂದೆ. ಘಟ್ಟ ಮುಗಿದು ಬಹಳ ದೂರ ಹೋದ ಮೇಲೆ ಕಂಡಕ್ಟರು ನಮ್ಮನ್ನು ಒಂದು ಮಾವಿನ ಮರದ ಹತ್ತಿರ ಇಳಿಸಿದ. ಅಲ್ಲಿಂದ ಕಾಡಿನ ದಾರಿ, ಒಂದೂವರೆ ತಾಸಿನ ನಡಿಗೆ. ಅವ್ವನ ಮೊಣಕಾಲು ಆಗಲೇ ನೋಯುತ್ತಿತ್ತು. ನಾನು ಕೂರು ಎಂದರೂ ಕೂರಲಿಲ್ಲ.

ಕಾಡು ಕಳೆದು ಮುಂದೆ ಬಂದರೆ ಗುಡ್ಡದ ಮಗ್ಗುಲನ್ನು ಕಡಿದು ಕಟ್ಟಿದ ಗದ್ದೆಗಳು, ಒಂದರ ಕೆಳಗೊಂದು, ಮೆಟ್ಟಿಲಿನ ಹಾಗೆ ತೊರೆಯವರೆಗೂ ಇಳಿದಿದ್ದವು. ಭತ್ತ ಹಣ್ಣಾಗಿತ್ತು. ಒಂದೊಂದು ಗದ್ದೆಯೂ ಒಂದು ಅಂಗಳದಷ್ಟು, ಕೆಲವು ಚಾಪೆಯಷ್ಟು. ನಮ್ಮ ಅಂಕೋಲೆಯ ಬಯಲು ಗದ್ದೆ ನೋಡಿದ ಕಣ್ಣಿಗೆ ಇಷ್ಟು ಚಿಕ್ಕದರಲ್ಲಿ ಏನು ಬೆಳೆದಾರು ಅನಿಸಿತು. ಅವ್ವ ಒಂದು ಗದ್ದೆಯ ಹಾಳಿಯ, ಅಂದರೆ ಬದುವಿನ, ಮೇಲೆ ಅಂಗೈ ಇಟ್ಟು, "ಇದು ನನ್ನ ತಲೆಕ್ಕಿಂತ ಎತ್ರ ಇತ್ತು," ಎಂದಳು. ಆ ಹಾಳಿ ಅವಳ ಎದೆಯವರೆಗೂ ಇರಲಿಲ್ಲ.

ಮೊದಲ ಮನೆಯ ಅಂಗಳದಲ್ಲಿ ಮುದುಕಿಯೊಬ್ಬಳು ಹೊರೆ ಒಟ್ಟುತ್ತಿದ್ದಳು. ಅವಳನ್ನು ಕಂಡದ್ದೇ ಅವ್ವ ಬಾಯಿ ತೆರೆದಳು, ನಾನು ನಿಂತಲ್ಲೇ ನಿಂತೆ. ಅವ್ವನ ಬಾಯಿಂದ ಬಂದದ್ದು ಕೊಂಕಣಿ. ಕಾರವಾರದ ಪೇಟೆಯಲ್ಲಿ ಕೇಳುವ ಕೊಂಕಣಿಯೂ ಅಲ್ಲ, ಎಳೆದು ಎಳೆದು ಆಡುವ ಗುಡ್ಡದವರ ಕೊಂಕಣಿ. ದನಿಯೂ ಬೇರೆಯಾಗಿತ್ತು, ತೆಳ್ಳಗೆ, ಅವಸರದ್ದು. ನನಗೆ ಅರ್ಥವಾದಷ್ಟನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮಾಸ್ತರ ಮನೆಯ ಪಕ್ಕದ ಆಯಿ ಎಲ್ಲಿ ಎಂದು ಅವ್ವ ಕೇಳಿದ್ದನ್ನು ಮುದುಕಿ ಕೇಳಿಸಿಕೊಂಡಳು. "ಅವಳೇ? ಅವಳು ಹೋಗಿ ಯಾವ ಕಾಲವಾಯಿತು! ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಸತ್ತಿದ್ದಳು. ಜ್ವರ ಬಂದು ಹೋದಳಂತೆ. ಮಾಸ್ತರು ಊರು ಬಿಟ್ಟ ಮಾರನೇ ವರ್ಷವೇ ಎನ್ನುತ್ತಾರೆ. ಮಗಳು ಇದ್ದಾಳೆ, ಮೇಲಿನ ವಾಡೆಯಲ್ಲಿ."

ಅವ್ವ ಹಾಳಿಯ ಮೇಲೆ ಕುಳಿತಳು. ಡಬ್ಬಿಯ ಚೀಲ ಮಡಿಲಲ್ಲಿತ್ತು. ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಬರುತ್ತಿತ್ತು. ಅವಳು ಅಳಲಿಲ್ಲ. ನಲವತ್ತೈದು ವರ್ಷ ಆ ಹೆಂಗಸನ್ನು ಮನಸ್ಸಿನಲ್ಲಿ ಒಂದೊಂದೇ ವರ್ಷ ಮುದುಕಿ ಮಾಡುತ್ತ ಬಂದಿದ್ದಳು, ಹಲ್ಲು ಬೀಳಿಸಿದ್ದಳು, ಅವಳಿಗೆಂದು ಶೆಟ್ಲಿ ಪುಡಿ ಮಾಡಿದ್ದಳು. ಆ ಹೆಂಗಸಾದರೋ ಮೂವತ್ತು ದಾಟಿರಲೇ ಇಲ್ಲ.

ನಾನು ಅವಳ ಪಕ್ಕಕ್ಕೆ ಹೋಗಿ, "ತಿರುಗಿ ಹೋಗ್ವಾ ಅವ್ವಾ?" ಎಂದೆ.

"ಕೂಸು ಅದಾಳಂತಲ್ಲ," ಎಂದಳು ಎದ್ದು.

ಕೂಸು ಮೇಲಿನ ವಾಡೆಯಲ್ಲಿತ್ತು, ನಾಲ್ಕೈದು ಮನೆಗಳ ಕೇರಿ ಅದು. ಐವತ್ತು ವರ್ಷದ ಗಟ್ಟಿ ಹೆಂಗಸು, ಸೀರೆಯನ್ನು ಹೆಗಲ ಮೇಲೆ ಗಂಟು ಹಾಕಿ ಉಟ್ಟಿದ್ದಳು, ಕೈಯಲ್ಲಿ ಕುಡುಗೋಲು. ನಮ್ಮನ್ನು ಕಂಡು, "ಸರ್ಕಾರದವರಾ?" ಎಂದು ಕನ್ನಡದಲ್ಲೇ ಕೇಳಿದಳು. ಆ ವರ್ಷಗಳಲ್ಲಿ ಕಾಗದ ಹಿಡಿದು ಬಂದು ಪ್ರಶ್ನೆ ಕೇಳಿ ಹೋಗುವವರು ಬಹಳ ಮಂದಿ ಇದ್ದರೆಂದು ಕಾಣುತ್ತದೆ. ಅವ್ವ ಕೊಂಕಣಿಯಲ್ಲಿ ಹೇಳಿದಳು, ನಾನು ಮಾಸ್ತರ ಮಗಳು, ನಿನ್ನನ್ನು ಎತ್ತಿ ಆಡಿಸಿದವಳು. ಅವಳು ತಲೆ ಅಲ್ಲಾಡಿಸಿದಳು. "ಎಷ್ಟೋ ಮಾಸ್ತರು ಬಂದರು, ಹೋದರು. ನನಗೆ ನೆನಪಿಲ್ಲ ಅಮ್ಮಾ."

ಆದರೂ ನೀರು, ಬೆಲ್ಲ ಕೊಟ್ಟಳು. ಒಳಗೆ ಹೋಗಿ ಬೇಯಿಸಿದ ಮುಡ್ಲಿ ತಂದಿಟ್ಟಳು. ಕೆಸುವಿನ ಜಾತಿಯ ಗೆಡ್ಡೆ ಅದು, ಆ ಜನರಿಗೆ ಅನ್ನಕ್ಕಿಂತ ಹತ್ತಿರದ್ದು. ಅವ್ವ ಸಿಪ್ಪೆ ಬಿಡಿಸಿ ಉಪ್ಪು ಮುಟ್ಟಿಸಿ ತಿನ್ನುತ್ತಿದ್ದಳು. ತಿನ್ನುತ್ತಲೇ, ತನಗೆ ತಾನೇ ಎಂಬಂತೆ, "ನಿನ್ನ ಆಯಿ ಇದನ್ನು ಬೂದಿಯಲ್ಲಿ ಹುಗಿದು ಸುಡುತ್ತಿದ್ದಳು," ಎಂದಳು.

ಆ ಹೆಂಗಸು ಕುಡುಗೋಲನ್ನು ನೆಲಕ್ಕಿಟ್ಟಳು.

"ನೀನು ನನ್ನ ಆಯಿಯನ್ನು ನೋಡಿದ್ದೀಯಾ?"

"ಎರಡು ವರ್ಷ ಅವಳ ಕೈಯಲ್ಲಿ ಉಂಡಿದ್ದೇನೆ."

"ಹೇಗಿದ್ದಳು?" ಅವಳು ಅವ್ವನ ಎದುರಿಗೇ ಬಂದು ಕುಕ್ಕರುಗಾಲಲ್ಲಿ ಕುಳಿತಳು. "ನನಗೆ ಏನೂ ಗೊತ್ತಿಲ್ಲ. ಅಪ್ಪನನ್ನು ಕೇಳಿದರೆ ಎದ್ದು ಹೋಗುತ್ತಿದ್ದ. ಊರವರನ್ನು ಕೇಳಿದರೆ, ಒಳ್ಳೆಯವಳಿದ್ದಳು ಎಂದರು. ಒಳ್ಳೆಯವಳು ಅಂದರೆ ಮುಖ ಕಾಣಿಸುತ್ತದೆಯೇ? ಈಗ ಅವರೂ ಇಲ್ಲ."

ಅವ್ವ ಕೈ ಒರೆಸಿಕೊಂಡು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ತುಂಬ ಹೊತ್ತು ನೋಡಿದಳು. "ಹಣೆ ಅವಳದ್ದೇ. ಮೂಗು ಅಲ್ಲ, ಅವಳ ಮೂಗು ಚಿಕ್ಕದು. ಎಡಗೈಯಲ್ಲಿ ಇಲ್ಲಿ ಸುಟ್ಟ ಕಲೆ ಇತ್ತು, ಎಲೆಯಷ್ಟು. ನಕ್ಕರೆ ತೊರೆಯ ಹತ್ತಿರ ಇದ್ದವರಿಗೂ ಕೇಳಬೇಕು. ನಿನ್ನನ್ನು ಮೀಯಿಸುವಾಗ ಕಿವಿಗೆ ನೀರು ಹೋದೀತೆಂದು ಹೆಬ್ಬೆರಳಲ್ಲಿ ಕಿವಿ ಮುಚ್ಚುತ್ತಿದ್ದಳು. ಸಂಜೆ ನಾವಿಬ್ಬರೂ ಕೆಳಗೆ ಏಡಿ ಹಿಡಿಯಲು ಹೋಗಿದ್ದರೆ ಮೇಲಿನ ಗದ್ದೆಯ ಹಾಳಿಯ ಮೇಲೆ ನಿಂತು ಕರೆಯುತ್ತಿದ್ದಳು."

"ಹೇಗೆ ಕರೆಯುತ್ತಿದ್ದಳು?"

ಅವ್ವ ನನ್ನತ್ತ ನೋಡಿದಳು. ನಾಚಿಕೆಯಿರಬೇಕು. ನಂತರ ಎದ್ದು ಅಂಗಳದ ಅಂಚಿಗೆ ಹೋಗಿ, ಗದ್ದೆಗಳ ಕಡೆ ಮುಖ ಮಾಡಿ, ಬಾಯಿಗೆ ಎರಡೂ ಕೈ ಹಿಡಿದು ಕೂಗಿದಳು.

"ಯೋ ಗೋ ಬಾಯ್... ಯೋ..."

ಬಾ ಮಗಳೇ, ಬಾ. ಇಷ್ಟೇ ಅದರ ಅರ್ಥ. ಆ ಕೂಗು ಗದ್ದೆಗಳ ಮೇಲಿಂದ ಇಳಿದು ಎದುರಿನ ಗುಡ್ಡಕ್ಕೆ ಬಡಿದು ಬಂತು. ಕೊಯ್ಲಿನಲ್ಲಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನೋಡಿದರು. ನನ್ನ ಅವ್ವ ಜೋರಾಗಿ ಮಾತಾಡಿದವಳೂ ಅಲ್ಲ, ನಮ್ಮನ್ನು ಊಟಕ್ಕೆ ಕರೆಯುವಾಗಲೂ ಬಾಗಿಲವರೆಗೆ ಬಂದು ಕರೆಯುವವಳು. ಆ ಹೆಂಗಸು ಮಾತ್ರ ನೆಲದ ಮೇಲೆ ಕುಳಿತಲ್ಲೇ ಕಣ್ಣು ಮುಚ್ಚಿಕೊಂಡಿದ್ದಳು. "ಇನ್ನೊಮ್ಮೆ," ಎಂದಳು. ಅವ್ವ ಇನ್ನೊಮ್ಮೆ ಕೂಗಿದಳು. ಮೂರನೇ ಸಲ ಕೂಗುವಾಗ ಅವಳ ದನಿ ಒಡೆಯಿತು. ಆಗ ಇಬ್ಬರೂ ಅತ್ತರು, ಒಬ್ಬರ ಕೈ ಒಬ್ಬರು ಹಿಡಿದು, ಮನೆಯಲ್ಲಿ ಆಗಷ್ಟೇ ಸಾವಾದ ಹಾಗೆ.

ಅಂದು ಅಲ್ಲೇ ಉಳಿದೆವು. ಆಯಿಗೆಂದು ತಂದ ಸೀರೆ ಅವಳ ಮಗಳಿಗಾಯಿತು. ಶೆಟ್ಲಿ ಪುಡಿಯನ್ನು ಎಲ್ಲರಿಗೂ ಗಂಜಿಯ ಮೇಲೆ ಉದುರಿಸಿ ಉಂಡೆವು.

ಮರುದಿನ ಬೆಳಿಗ್ಗೆ ವಾಡೆಯ ಹೆಂಗಸರು ಹೊಸ ಅಕ್ಕಿ ತೆಗೆದುಕೊಂಡು ಗುಡ್ಡದ ಗವಿಗೆ ಹೊರಟರು. ಅಲ್ಲಿ ಅವರ ದೇವರಿದೆ, ಮೂರ್ತಿಯಿಲ್ಲ, ನೀರು ಜಿನುಗುವ ಒಂದು ಕಲ್ಲು ಅಷ್ಟೆ ಎಂದು ಅವ್ವ ಹೇಳಿದಳು. ಗದ್ದೆಯ ಮೆಟ್ಟಿಲುಗಳನ್ನು ಒಂದೊಂದೇ ಹತ್ತಿ, ಕಾಡು ದಾಟಿ ಹೋದೆವು. ಗವಿಯ ಬಾಯಿ ತಗ್ಗು, ಬಗ್ಗಿಯೇ ಹೋಗಬೇಕು. ಬಾವಲಿಯ ವಾಸನೆ, ಒಳಗಿಂದ ತಣ್ಣನೆಯ ಗಾಳಿ. ಹೊರಗಿನವರು ಒಳಗೆ ಬರುವಂತಿಲ್ಲ ಎಂದು ಒಬ್ಬ ಹಿರಿಯಳು ಮೆಲ್ಲಗೆ ಹೇಳಿದಳು. ನಾನು ನಿಂತೆ. ಅವ್ವನೂ ನಿಂತಳು. ಆಗ ಆಯಿಯ ಮಗಳು ತಿರುಗಿ ಬಂದು, "ಇವಳು ನನ್ನ ಅಕ್ಕ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅವ್ವನ ಮುಂಗೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ನಾನು ಹೊರಗೆ ಒಂದು ಬೇರಿನ ಮೇಲೆ ಕುಳಿತಿದ್ದೆ. ಅರ್ಧ ತಾಸಾಗಿರಬಹುದು. ಒಳಗಿಂದ ಮಾತಿನ ಗುಜುಗುಜು, ಆಮೇಲೆ ಮೌನ, ಆಮೇಲೆ ಯಾರೋ ನಕ್ಕದ್ದು. ಅವ್ವ ಹೊರಗೆ ಬಂದಾಗ ಹಣೆಯ ಮೇಲೆ ಹಸಿ ಅಕ್ಕಿ ಅಂಟಿತ್ತು. ಅಪ್ಪ ಹೋದ ಮೇಲೆ ಬರಿದಾಗಿದ್ದ ಹಣೆ ಅದು. ಒಳಗೆ ಏನಾಯಿತೆಂದು ಕೇಳಿದೆ. "ಎಂತದೂ ಇಲ್ಲ ಮಗಾ," ಎಂದಳು. ಆಮೇಲೂ ಎಷ್ಟೋ ಸಲ ಕೇಳಿದ್ದೇನೆ. ಹೇಳಲಿಲ್ಲ.

ಸಂಜೆ ಅಂಗಳದಲ್ಲಿ ಹೆಂಗಸರು ಫುಗಡಿ ಆಡಿದರು. ಎದುರುಬದುರು ನಿಂತು ಕೈಗೆ ಕೈ ಕತ್ತರಿ ಹಾಕಿ, ಬಾಯಲ್ಲಿ ಫೂ ಫೂ ಎನ್ನುತ್ತ ಗರಗರ ತಿರುಗುವ ಆಟ. ಇಬ್ಬರು ತಿರುಗಿ ನಿಂತ ಮೇಲೆ ಆಯಿಯ ಮಗಳು ಬಂದು ಅವ್ವನನ್ನು ಎಬ್ಬಿಸಿದಳು. ಮೊಣಕಾಲು ಎಂದು ನಾನು ಹೇಳುವಷ್ಟರಲ್ಲಿ ಅವ್ವ ಸೆರಗು ಸಿಕ್ಕಿಸಿದ್ದಳು. ಐದಾರು ಸುತ್ತು, ಹೆಚ್ಚಲ್ಲ. ಅವ್ವನ ತುರುಬು ಬಿಚ್ಚಿ ಹೋಯಿತು, ಬಾಯಿ ತುಂಬ ನಗು. ನನಗಾಗ ಮೂವತ್ತು ವರ್ಷ. ಇಂಥ ಅವ್ವನನ್ನು ನಾನು ಕಂಡಿರಲಿಲ್ಲ. ಸಂತೋಷವಾಯಿತು ಎಂದರೆ ಅರ್ಧ ನಿಜ. ಇವಳು ನಮ್ಮ ಮನೆಯಲ್ಲಿ ಯಾಕೆ ಇರಲಿಲ್ಲ, ಇಷ್ಟು ವರ್ಷ ಎಲ್ಲಿದ್ದಳು ಎಂಬುದು ಇನ್ನರ್ಧ.

ಶಾಲೆ ಶುರುವಾಗುವುದಿತ್ತು, ನಾನು ಮರುದಿನ ಇಳಿದು ಬಂದೆ. ಅವ್ವ ಎಂಟು ದಿನ ಅಲ್ಲಿದ್ದಳು. ಒಬ್ಬಳೇ ಬಸ್ಸಿನಲ್ಲಿ ಬಂದಳು, ಮೈಯೆಲ್ಲ ಹೊಗೆಯ ವಾಸನೆ, ಕೈಯಲ್ಲಿ ಕೊಯ್ಲಿನ ಗೀರು. ಅಂಕೋಲೆಗೆ ಹೋದವಳು ಮೂರು ತಿಂಗಳಿಗೇ ಮತ್ತೆ ಬಂದು ಘಟ್ಟ ಹತ್ತಿದಳು. ಮತ್ತೊಂದು ಬೇಸಿಗೆಯಲ್ಲಿ ಆಯಿಯ ಮಗಳೇ ಕೆಳಗೆ ಬಂದು ಬೊಬ್ರುವಾಡದಲ್ಲಿ ಒಂದು ವಾರ ಇದ್ದಳು. ಅವ್ವ ಅವಳನ್ನು ಬೆಳಂಬಾರದ ಕಡಲತೀರಕ್ಕೆ ಕರೆದುಕೊಂಡು ಹೋದಳು. ಅವಳು ಸಮುದ್ರ ನೋಡಿದ್ದು ಅದೇ ಮೊದಲು. ತುಂಬ ಹೊತ್ತು ನೋಡಿ, "ಇದಕ್ಕೆ ಆಚೆಯ ಗುಡ್ಡ ಇಲ್ಲವಾ?" ಎಂದು ಕೇಳಿದಳಂತೆ. ಆಚೆಗೆ ಏನೂ ಇಲ್ಲದ್ದು ಅವಳಿಗೆ ಹಿಡಿಸಲಿಲ್ಲ.

ಆಮೇಲೆ ಅವ್ವನ ಮೊಣಕಾಲು ಪೂರ್ತಿ ಕೈಕೊಟ್ಟಿತು. ಒಂದೂವರೆ ತಾಸಿನ ದಾರಿ ಅವಳಿಗೆ ಮುಗಿದ ಮಾತಾಯಿತು. ಮಲ್ಲಾಪುರಕ್ಕೆ ಬಂದರೆ ಹಿಂದಿನ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಮಳೆಗಾಲದಲ್ಲಿ ಗುಡ್ಡ ಕಾಣದಿದ್ದರೂ ಕೂರುತ್ತಿದ್ದಳು. ಅಲ್ಲಿಗೆ ಫೋನು ಇರಲಿಲ್ಲ. ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿದ ಮಾತು ಕೆಲವು ತಲುಪಿದವು, ಕೆಲವು ಇಲ್ಲ. ಕೆಲವು ವರ್ಷಗಳ ಮೇಲೆ ಒಂದು ಆಷಾಢದಲ್ಲಿ ಅವ್ವ ಹೋದಳು. ಸುದ್ದಿ ಘಟ್ಟದ ಮೇಲೆ ತಲುಪುವಷ್ಟರಲ್ಲಿ ತಿಂಗಳಾಗಿತ್ತು.

ದೀಪಾವಳಿ ಮುಗಿದ ಮೇಲೆ ನಾನೊಬ್ಬಳೇ ಹೋದೆ. ಆಯಿಯ ಮಗಳು ಗದ್ದೆಯಲ್ಲಿದ್ದಳು. ನನ್ನ ಕೈಗೆ ಒಂದು ಕುಡುಗೋಲು ಕೊಟ್ಟಳು. ನನಗೆ ಕೊಯ್ಯಲು ಬರುವುದಿಲ್ಲ, ಆದರೂ ಅವಳ ಪಕ್ಕದಲ್ಲಿ ಬಗ್ಗಿ ಮಧ್ಯಾಹ್ನದವರೆಗೆ ಒಂದು ಚಾಪೆಯಗಲದ ಗದ್ದೆ ಕೊಯ್ದೆ. ಉಂಡ ಮೇಲೆ ಜಗುಲಿಯಲ್ಲಿ ಚಾಪೆ ಹಾಸಿ ನನ್ನನ್ನು ಮಲಗಿಸಿದಳು. ನಿದ್ದೆ ಬಂತು. ಎಚ್ಚರವಾದಾಗ ಅವಳು ಬಾಗಿಲ ಬದಿಗೆ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇವತ್ತು ನಿಲ್ಲು," ಎಂದಳು ತನ್ನ ಹರಕು ಕನ್ನಡದಲ್ಲಿ. "ಎರಡು ದಿನ ನಿಲ್ಲು. ಮಾತಾಡುವಾ."

ನಾಳೆ ಶಾಲೆಯಿದೆ ಎಂದೆ. ನಿಜವೇ, ಶಾಲೆಯಿತ್ತು. ಒಂದು ದಿನ ರಜೆ ಹಾಕಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಒತ್ತಾಯ ಮಾಡಲಿಲ್ಲ, ಮಾವಿನ ಮರದವರೆಗೆ ಜೊತೆಗೆ ಬಂದಳು. ಬಸ್ಸು ಬರುವವರೆಗೆ ಇಬ್ಬರೂ ರಸ್ತೆ ನೋಡುತ್ತ ನಿಂತಿದ್ದೆವು. ಮುಂದಿನ ಜೂನಿನಲ್ಲಿ ನನಗೆ ದೂರದ ಊರಿಗೆ ವರ್ಗವಾಯಿತು. ಇನ್ನೂ ಹೋಗಲಾಗಿಲ್ಲ. ಆ ಮಧ್ಯಾಹ್ನ ನಾನು ಉಳಿದಿದ್ದರೆ ಅವ್ವನ ಬಗ್ಗೆ ಅವಳು ಏನು ಹೇಳುತ್ತಿದ್ದಳೋ.