ಎಂಟು ನಿಮಿಷ ಮೊದಲೇ ಮುಳುಗಿಸಿದ ಸೂರ್ಯ

ನಜೀರ್, ನಿನ್ನ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ರೇಖಾಂಶದ ಎಪ್ಪತ್ತೇಳನ್ನು ಎಪ್ಪತ್ತೊಂಬತ್ತು ಮಾಡಿದವನು ನಾನು. ಕೈತಪ್ಪಿ ಅಲ್ಲ. ಎರಡು ಡಿಗ್ರಿ ಪೂರ್ವಕ್ಕೆ ಸರಿದರೆ ಸೂರ್ಯ ಎಂಟು ನಿಮಿಷ ಮೊದಲೇ ಮುಳುಗುತ್ತಾನೆ ಎಂದು ನೀನೇ ಹೇಳಿಕೊಟ್ಟಿದ್ದೆ — ಆ ಪಾಠವನ್ನೇ ನಿನ್ನ ಮೇಲೆ ತಿರುಗಿಸಿದೆ.

ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಬಲಸಮುದ್ರ ಊರಿನ ಆಚೆ, ಸೋಲಾರ್ ಪ್ಯಾನಲ್ಲುಗಳ ನಡುವೆ, ಕಿಟಕಿಯಿಲ್ಲದ ಆ ಕಂಟ್ರೋಲ್ ರೂಮಿನಲ್ಲಿ ನಾನು ಹಿರಿಯ. ನೀನು ಶಿರಾದಿಂದ ಬಂದ ಹೊಸಬ. ಬಂದ ಕೆಲವೇ ತಿಂಗಳಲ್ಲಿ, ಕಪ್ಪು ಟರ್ಮಿನಲ್ ಪರದೆಯಲ್ಲಿ ಒಂದು ಪದ ಟೈಪಿಸಿದರೆ ಆ ದಿನದ ಸೂರ್ಯೋದಯ, ಸೂರ್ಯಾಸ್ತ, ಚಂದ್ರೋದಯ ಸಾಲಾಗಿ ಬರುವಂತೆ ಮಾಡಿದೆ. "ಇಷ್ಟು ವರ್ಷದಿಂದ ಇರೋರಿಗೆ ಇದು ಹೊಳೀಲಿಲ್ವಲ್ರೀ" ಎಂದು ಮ್ಯಾನೇಜರ್ ನನ್ನ ಮುಖ ನೋಡಿ ನಕ್ಕರು. ನೀನೂ ನಕ್ಕೆ — ಅಥವಾ ನಕ್ಕಂತೆ ನನಗೆ ಕಂಡಿತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ರಂಜಾನ್ ಬಂತು. ಕಿಡ್ನಿ ಕಲ್ಲಿನಿಂದಾಗಿ ಹಿಂದಿನ ಎರಡು ವರ್ಷ ನಿನ್ನ ರೋಜಾ ಉಪವಾಸ ಪೂರ್ತಿಯಾಗಿರಲಿಲ್ಲ. "ಈ ಸಲ ಒಂದೂ ಬುಡಲ್ಲ ಸಾರ್, ಅಮ್ಮೀಗೆ ಮಾತು ಕೊಟ್ಟೀನಿ" ಎಂದಿದ್ದೆ. ಕೊನೆಯ ವಾರ ನಿನಗೆ ಸಂಜೆಯ ಶಿಫ್ಟ್ ಬಿತ್ತು. ಅಲ್ಲಿಗೆ ಆಜಾನ್ ಕೇಳಿಸುವುದಿಲ್ಲ. ಸೂರ್ಯ ಮುಳುಗಿ ರೋಜಾ ಬಿಡುವ ಹೊತ್ತಿಗೆ ನೀನು ನಂಬಿದ್ದು ನಿನ್ನ ಪರದೆಯನ್ನು. ಮೊದಲ ಸಂಜೆ ನೀನು ಕೈಕಾಲು ತೊಳೆಯಲು ಹೋದಾಗ ನಾನು ಆ ಅಂಕಿ ಬದಲಿಸಿದೆ.

ಪರದೆ ತೋರಿಸಿದ ಹೊತ್ತಿಗೆ ಸರಿಯಾಗಿ ನೀನು ಖರ್ಜೂರ ಬಾಯಿಗಿಟ್ಟು ನೀರು ಕುಡಿದೆ. ನನಗೂ ಒಂದು ಕೊಟ್ಟೆ. ನಾನು — ತಿಂದೆ.

ನಮಾಜಿಗೆಂದು ನೀನು ಬಾಗಿಲು ತೆರೆದೆ. ಪ್ಯಾನಲ್ಲುಗಳ ಮೇಲೆ ಸೂರ್ಯ ಇನ್ನೂ ಇಡಿಯಾಗಿದ್ದ.

ಒಳಗೆ ಬಂದು ನೀನು ಪ್ರೋಗ್ರಾಮ್ ತೆರೆದೆ, ಎಪ್ಪತ್ತೊಂಬತ್ತು ಕಂಡಿತು. "ನಾನೇ ತಪ್ಪು ಒತ್ತೀನಿ ಸಾರ್. ಅಮ್ಮೀಗೆ ಏನಂತ ಹೇಳ್ಲಿ?" ಎಂದೆ ನೀನು. ನಾನು ಅಂದೆ: "ಬರದಿದ್ದ ಮೇಲೆ ಯಾಕ್ಲಾ ಕೈ ಹಾಕ್ಬೇಕಿತ್ತು?" ನನ್ನ ಕಣ್ಣೆದುರೇ ನೀನು ಆ ಪ್ರೋಗ್ರಾಮನ್ನು ಅಳಿಸಿಹಾಕಿದೆ. ಹಬ್ಬ ಕಳೆದ ಮೇಲೆ ಕೆಲಸವನ್ನೂ ಬಿಟ್ಟೆ.

ಉಪವಾಸವೆಂದರೇನೆಂದು ತಿಳಿಯದವನು ನಾನಲ್ಲ. ಕೊರಟಗೆರೆಯಲ್ಲಿ ನನ್ನ ಅವ್ವ ಸಂಕಷ್ಟಿಯ ದಿನ ಚಂದ್ರ ಹುಟ್ಟುವವರೆಗೆ ತುತ್ತು ಮುಟ್ಟುವುದಿಲ್ಲ. ನಿನ್ನ ಪರದೆಯಲ್ಲಿ ಚಂದ್ರೋದಯದ ಸಾಲು ಇದ್ದದ್ದೇ ಅವಳಿಗಾಗಿ — ಯಾರೂ ಕೇಳದೆ ನೀನು ಸೇರಿಸಿದ್ದು. ಅದು ಗೊತ್ತಿದ್ದೂ...

ಮೊನ್ನೆ ಸಂಕಷ್ಟಿ. ಅವ್ವ ಫೋನ್ ಮಾಡಿದಳು. "ಮೋಡ ಕವ್ಕೊಂಡೈತೆ ಕಣ್ಲಾ. ಚಂದ್ರ ಎಷ್ಟೊತ್ಗೆ ಬತ್ತಾನೆ ಅಂತ ಆ ನಜೀರನ್ನ ಕೇಳು. ಅವನು ಹೇಳಿದ್ರೆ ಸುಳ್ಳಾಗಲ್ಲ." ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಫೋನ್ ಇಟ್ಟಳು. ಚಂದ್ರ ಬಂದ ಮೇಲೂ ಅವಳು ಉಣ್ಣಲಿಲ್ಲವೆಂದು ಮರುದಿನ ತಂಗಿ ಹೇಳಿದಳು.

ಕ್ಷಮಿಸು ಎನ್ನುವ ಮುಖ ನನಗಿಲ್ಲ. ಇದನ್ನು ನಿನ್ನ ಅಮ್ಮೀಗೆ ಓದಿ ಹೇಳು, ನನ್ನ ಹೆಸರು ಹಿಡಿದೇ ಹೇಳು. ನೀನು ಮಾತಿಗೆ ತಪ್ಪಲಿಲ್ಲ. ಆ ದಿನದ ರೋಜಾ ಮುರಿದವನು ನಾನು.